ಮಳೆಗಾಲದಲ್ಲಿ ಕರಾವಳಿಯ ಹಾದಿ

ಪ್ರವಾಸಕ್ಕೆ ಹೊರಡತಕ್ಕ ಕಾಲವು ಚಳಿಗಾಲ ಅಥವಾ ಬೇಸಗೆಯೆಂದೂ, ಆಷಾಢದಲ್ಲಿ ಮನೆಯ ಬಾಗಿಲನ್ನು ಭದ್ರಪಡಿಸಿಕೊಂಡು ಹಪ್ಪಳ ಸುಟ್ಟು ತಿನ್ನುತ್ತ ಒಳಗೆ ಕುಳಿತಿರುವುದೇ ಲೇಸೆಂದೂ ನಮ್ಮ ಹಿರಿಯರು ಗೊತ್ತುಮಾಡಿದ್ದರು. ಆದರೆ ಕೆಲವು ಕಾರ್ಯಗಳು ಕಾಲವನ್ನು ನೋಡಿ ಬರುವುದಿಲ್ಲ. ನಮ್ಮ ತಂದೆಯವರ ಶ್ರಾದ್ಧವು ಆಷಾಢ ಬಹುಳ ಪಂಚಮಿಯಂದು ಬರುವುದು. ಅಂಕೋಲೆಯ ಸಮೀಪದ ಹಳ್ಳಿಯಲ್ಲಿ ಹಳೆಯ ಮನೆಯನ್ನು ನೋಡಿಕೊಂಡಿರುವ ನಮ್ಮ ಅಣ್ಣನು ಅದನ್ನು ವರ್ಷವೂ ನಡೆಯಿಸುತ್ತಾನೆ. ಹೋದ ಸಲ ನಾವು ಹೋಗಿರಲಿಲ್ಲ. ಈ ಸಲ ಹೋಗಲೇಬೇಕೆಂದು ನಿಶ್ಚಯಿಸಿ, ಚತುರ್ಥಿಯ ದಿನ ಬೆಳಗ್ಗೆ ಮಂಗಳೂರಿನಿಂದ ನಮ್ಮ ಕಾರಿನಲ್ಲಿ ಹೊರಟೆವು. ಜತೆಗೆ ನಮ್ಮ ಮನೆಯಾಕೆ, ಹತ್ತು ವರ್ಷದ ಮಗಳು, ಮತ್ತು ಎಂಬತ್ತನ್ನು ದಾಟಿದ ನಮ್ಮ ಸೋದರತ್ತೆ. ಅತ್ತೆಯವರನ್ನು ಇಂತಹ ಮಳೆಯಲ್ಲಿ ಕರೆದೊಯ್ಯುವುದು ನಮಗೆ ಒಪ್ಪಿಗೆಯಿರಲಿಲ್ಲ. “ಅವನು ನಿನಗೆ ಅಪ್ಪನಾದರೆ ನನಗೆ ಒಡಹುಟ್ಟಿದವನು” ಎಂದು ಅವರು ಹೇಳಿದ ಮೇಲೆ ನಾವು ಮರುಮಾತನಾಡಲಿಲ್ಲ.

ಮಂಗಳೂರಿನಿಂದ ಅಂಕೋಲೆಗೆ ಸುಮಾರು 235 ಕಿಲೊಮೀಟರು. ಮೊದಲು 17 ಎಂಬ ಸಂಖ್ಯೆಯಿದ್ದು ಈಗ 66 ಎಂದು ಕರೆಯಿಸಿಕೊಳ್ಳುವ ರಾಷ್ಟ್ರೀಯ ಹೆದ್ದಾರಿಯು ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಪಡುಗಡಲಿನ ಅಂಚನ್ನು ಹಿಡಿದು ಹೋಗುತ್ತದೆ. ನಮ್ಮ ನಾಡಿನಲ್ಲಿ ಈ ರಸ್ತೆಗೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿ. ಇವೆರಡರ ನಡುವಿನ ನೆಲವು ಕೆಲವೆಡೆ ಹತ್ತಾರು ಕಿಲೊಮೀಟರು ಅಗಲವಾಗಿಯೂ, ಕೆಲವೆಡೆ ಬೆಟ್ಟವು ಕಡಲಿಗೆ ಕಾಲು ನೀಡಿದಂತೆ ತೀರ ಇಕ್ಕಟ್ಟಾಗಿಯೂ ಇರುವುದು.

ಈ ಬೆಟ್ಟವೇ ಇಲ್ಲಿಯ ಮಳೆಗೆ ಕಾರಣ. ಅರಬ್ಬೀ ಸಮುದ್ರದ ಮೇಲಿನಿಂದ ನೀರಾವಿಯನ್ನು ಹೊತ್ತು ಬರುವ ನೈಋತ್ಯ ಮಾರುತಗಳು ಸಹ್ಯಾದ್ರಿಗೆ ತಾಗಿ ಮೇಲಕ್ಕೇರುತ್ತವೆ. ಏರಿದಷ್ಟೂ ಗಾಳಿಯು ತಣ್ಣಗಾಗಿ, ಹೊತ್ತ ಭಾರವನ್ನು ಹೊರಲಾರದೆ ಇಳುಹುವುದು. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಘಟ್ಟದ ಮೇಲಿನ ಆಗುಂಬೆಯಲ್ಲಿ 7000 ಮಿಲಿಮೀಟರನ್ನು ಮೀರುವುದುಂಟು. ಬೆಂಗಳೂರಿನವರು ಕಾಣುವುದು ಸುಮಾರು 1000 ಮಾತ್ರ. ಅಲ್ಲದೆ ಕರಾವಳಿಯ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ ಬಿದ್ದುಬಿಡುವುದು. ಆದುದರಿಂದ ಇಲ್ಲಿಯವರು ಮಳೆ ಬಂತೇ ಎಂದು ಕೇಳುವುದಿಲ್ಲ, ಮಳೆ ಬಿಟ್ಟಿತೇ ಎಂದು ಕೇಳುತ್ತಾರೆ.

ನಾವು ಹೊರಟಾಗ ಹನಿಯುತ್ತಿದ್ದ ಮಳೆಯು ಸುರತ್ಕಲ್ಲನ್ನು ದಾಟುವಷ್ಟರಲ್ಲಿ ಬಲವಾಯಿತು. ಮುಲ್ಕಿಯ ಬಳಿ ಶಾಂಭವಿಯು ಎರಡು ದಡಗಳನ್ನೂ ಮುಟ್ಟಿ ಕೆಂಪಗೆ ಹರಿಯುತ್ತಿತ್ತು. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ಮಗಳಿಗೆ ತೋರಿಸಬೇಕೆಂದಿದ್ದೆವು. ಮಳೆಯ ತೆರೆಯ ಹಿಂದೆ ಕಡಲು ಯಾವುದು, ಮುಗಿಲು ಯಾವುದು ಎಂದು ತಿಳಿಯಲಿಲ್ಲ. ಉದ್ಯಾವರದ ಹೊಳೆ, ಸ್ವರ್ಣೆ, ಸೀತೆ ಎಂದು ಒಂದೊಂದು ಸೇತುವೆ ಬಂದಾಗಲೂ ಅತ್ತೆಯವರು ಹೊಳೆಯ ಹೆಸರನ್ನು ಹೇಳಿ ಕೈಮುಗಿಯುತ್ತಿದ್ದರು. ಮಗಳು ಬೆರಳು ಮಡಿಸಿ ಎಣಿಸತೊಡಗಿದಳು.

ರಸ್ತೆಯ ಇಕ್ಕೆಲಗಳಲ್ಲಿಯೂ ಗದ್ದೆಗಳು ನಟ್ಟಿಯಾಗಿ ಹಸುರಾಗಿದ್ದವು. ಹೆಂಗಸರು ಬೆನ್ನಿಗೆ ಗೊರಬು ಹಾಕಿಕೊಂಡು ಬಾಗಿ ನೇಜಿ ನೆಡುತ್ತಿದ್ದ ಕಾಲವೊಂದಿತ್ತು. ಈಗ ಗೊರಬಿನ ಬದಲು ಪ್ಲಾಸ್ಟಿಕ್ಕಿನ ಹೊದಿಕೆ ಬಂದಿದೆ, ಅನೇಕ ಕಡೆಗಳಲ್ಲಿ ನೆಡುವ ಯಂತ್ರವೂ ಬಂದಿದೆ. ಹಡಿಲುಬಿದ್ದ ಗದ್ದೆಗಳನ್ನೂ ಕಾಣದೆ ಇರಲಿಲ್ಲ. ಮೀನುಗಾರರ ಯಂತ್ರದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಸರಕಾರದ ನಿಷೇಧವಿರುವುದರಿಂದ ಅವೆಲ್ಲವೂ ಬಂದರುಗಳಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಮೀನುಗಳು ಮರಿಮಾಡುವ ಕಾಲವದು, ಕಡಲೂ ಆಗ ಮನುಷ್ಯರನ್ನು ಒಲ್ಲದು. ಗೃಹಿಣಿಯರೂ ಈ ಎರಡು ತಿಂಗಳಿಗೆ ಮೊದಲೇ ಅಣಿಯಾಗಿರುವರು. ಬೇಸಗೆಯಲ್ಲಿ ಒಣಗಿಸಿದ ಹಲಸಿನ ಹಪ್ಪಳ, ಉಪ್ಪಿನಲ್ಲಿಟ್ಟ ಮಾವಿನ ಮಿಡಿ, ಪುನರ್ಪುಳಿಯ ಸಿಪ್ಪೆ ಇವು ಈಗ ಅಟ್ಟದಿಂದ ಕೆಳಗಿಳಿಯುತ್ತವೆ. ಹಿತ್ತಲಿನ ಕೆಸುವಿನೆಲೆ ಪತ್ರೊಡೆಯಾಗುತ್ತದೆ.

ಕುಂದಾಪುರವನ್ನು ದಾಟಿ ಮರವಂತೆಗೆ ಬಂದಾಗ ಮಧ್ಯಾಹ್ನವಾಗಿತ್ತು. ವಾಚಕರಲ್ಲಿ ಅನೇಕರು ಈ ಸ್ಥಳವನ್ನು ಬಲ್ಲರು. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ, ನಡುವೆ ನಾವು ಹೋಗತಕ್ಕ ರಸ್ತೆ. ಬೇಸಗೆಯಲ್ಲಿ ಇಲ್ಲಿ ಕಾರು ನಿಲ್ಲಿಸಿ ಮಕ್ಕಳನ್ನು ಮರಳಿನಲ್ಲಿ ಆಡಬಿಡುವುದುಂಟು. ಆ ದಿನ ನಾವು ಕಂಡ ಕಡಲೇ ಬೇರೆ. ತೆರೆಗಳು ದಡಕ್ಕೆ ಹಾಕಿದ ದೊಡ್ಡ ಬಂಡೆಗಳಿಗೆ ಅಪ್ಪಳಿಸಿ ರಸ್ತೆಯ ಮಟ್ಟಕ್ಕಿಂತಲೂ ಮೇಲೆ ನೊರೆಯನ್ನು ಎರಚುತ್ತಿದ್ದವು. ನದಿಯಾದರೋ ಇನ್ನೊಂದು ಬದಿಯಲ್ಲಿ ತೆಂಗಿನ ತೋಟಗಳ ಕಾಲನ್ನು ತೊಳೆಯುತ್ತ, ಯಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಸಮಾಧಾನದಿಂದ ಹೋಗುತ್ತಿತ್ತು. ಇಲ್ಲಿಯ ವರಾಹಸ್ವಾಮಿಯ ದೇವಾಲಯದಲ್ಲಿ ಕರ್ಕಾಟಕ ಅಮಾವಾಸ್ಯೆಯಂದು ನಡೆಯುವ ಜಾತ್ರೆಗೆ ಕೃಷಿಕರೂ ಮೀನುಗಾರರೂ ಕೂಡಿಬರುತ್ತಾರೆ. ಎರಡು ನೀರುಗಳ ನಡುವೆ ಬದುಕುವವರಿಗೆ ಎರಡರ ಅಭಯವೂ ಬೇಕಷ್ಟೆ.

ಬೈಂದೂರಿನ ಆಚೆ ಶಿರೂರು, ಅದರಾಚೆ ಭಟ್ಕಳ. ಈಗ ಇಲ್ಲಿ ಒಂದು ಜಿಲ್ಲೆ ಮುಗಿದು ಇನ್ನೊಂದು ಮೊದಲಾಗುವುದು, ಅಷ್ಟೆ. ಆದರೆ 1862ರಿಂದ ದೀರ್ಘಕಾಲ ಇದು ಎರಡು ಪ್ರಾಂತಗಳ ಗಡಿಯಾಗಿತ್ತು. ದಕ್ಷಿಣ ಕನ್ನಡವು ಮದ್ರಾಸಿಗೂ ಉತ್ತರ ಕನ್ನಡವು ಮುಂಬಯಿಗೂ ಸೇರಿದ್ದವು. ಒಂದೇ ಕಡಲು, ಒಂದೇ ಮಳೆ, ಒಂದೇ ಕುಚ್ಚಲಕ್ಕಿಯ ಗಂಜಿ. ಕಂದಾಯ ಮಾತ್ರ ಎರಡು ಊರಿಗೆ. 1956ರ ನವೆಂಬರ್ 1ರಂದು ಇವೆರಡೂ ಮೈಸೂರು ರಾಜ್ಯದಲ್ಲಿ ಒಂದಾದವು.

ಹೊನ್ನಾವರದಲ್ಲಿ ಶರಾವತಿಯ ಸೇತುವೆಯ ಮೇಲೆ ಗಾಳಿಯ ರಭಸಕ್ಕೆ ಕಾರು ಅಲುಗಿದಂತಾಯಿತು. ದೂರದಲ್ಲಿ ಕೊಂಕಣ ರೈಲ್ವೆಯ ಸೇತುವೆ ಕಾಣುತ್ತಿತ್ತು. ಎರಡು ಕಿಲೊಮೀಟರಿಗೂ ಮಿಕ್ಕಿ ಉದ್ದವಾದ ಅದು ಆ ಹಾದಿಯಲ್ಲಿಯೇ ಅತ್ಯಂತ ಉದ್ದದ ಸೇತುವೆ. ಅತ್ತೆಯವರು ಕಿಟಕಿಯ ಗಾಜನ್ನು ಸೆರಗಿನಿಂದ ಒರಸಿ ಹೊರಗೆ ನೋಡುತ್ತ, ತಮ್ಮ ಬಾಲ್ಯದ ಸಂಗತಿಯನ್ನು ಹೇಳಿದರು. ಆಗ ಇಲ್ಲಿ ಸೇತುವೆಯಿರಲಿಲ್ಲ. ಮೋಟಾರಿನಿಂದ ಇಳಿದು, ಕಡವಿನಲ್ಲಿ ಕಾದು, ದೋಣಿಯಲ್ಲಿ ಹೊಳೆ ದಾಟಿ, ಆಚೆ ಇನ್ನೊಂದು ಮೋಟಾರನ್ನು ಹತ್ತಬೇಕಾಗಿತ್ತು. ಹೀಗೆ ಹೊಳೆ ಹೊಳೆಗೂ. ಮಳೆಗಾಲದಲ್ಲಿ ಅಂಬಿಗನು ನೀರನ್ನು ನೋಡಿ “ಇವತ್ತು ಆಗುವುದಿಲ್ಲ” ಎಂದರೆ ಯಾರೂ ಎದುರಾಡುತ್ತಿರಲಿಲ್ಲ. ದಡದ ಮನೆಯವರ ಜಗಲಿಯಲ್ಲಿ ಮಲಗಿ ಮರುದಿನ ದಾಟುತ್ತಿದ್ದರು. “ಒಂದು ಸಲ ಮದುವೆಯ ದಿಬ್ಬಣವೇ ಎರಡು ದಿನ ಕಡವಿನಲ್ಲಿ ಕುಳಿತಿತ್ತು. ಮುಹೂರ್ತ ತಪ್ಪಿತು, ಮದುವೆ ತಪ್ಪಲಿಲ್ಲ” ಎಂದರು. ಮಗಳು ನಕ್ಕಳು. ನಾವು ಗಡಿಯಾರವನ್ನು ನೋಡಿಕೊಂಡೆವು.

ದಾರಿಯಲ್ಲಿ ಎರಡು ಕಡೆ ನೀರು ನಿಂತು ತಡವಾದುದರಿಂದ ಕುಮಟೆಯನ್ನು ಮುಟ್ಟುವಾಗ ಸಂಜೆ ಆರೂವರೆಯಾಗಿತ್ತು. ಬೆಳಗ್ಗೆ ಕಿತ್ತಳೆ ಬಣ್ಣದಲ್ಲಿದ್ದ ಹವಾಮಾನ ಇಲಾಖೆಯ ಸೂಚನೆಯು ಮಧ್ಯಾಹ್ನದ ಮೇಲೆ ಕೆಂಪಾಗಿತ್ತು. ಈ ಬಣ್ಣಗಳ ಅರ್ಥವನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರತಕ್ಕದ್ದು. ಒಂದು ದಿನದಲ್ಲಿ 64.5 ಮಿಲಿಮೀಟರಿಗೆ ಮೇಲ್ಪಟ್ಟರೆ ಭಾರಿ ಮಳೆ, 115.6ರಿಂದ ಮೇಲಕ್ಕೆ ಅತಿ ಭಾರಿ ಮಳೆ, 204.4ನ್ನೂ ಮೀರಿದರೆ ಅತ್ಯಂತ ಭಾರಿ ಮಳೆ. ಸಾಮಾನ್ಯವಾಗಿ ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಕ್ರಮವಾಗಿ ಇವನ್ನು ಸೂಚಿಸುವವು. ಕೆಂಪು ಬಂದ ದಿನ ಪ್ರಯಾಣವನ್ನು ಮುಂದುವರಿಸುವುದು ಜಾಣತನವಲ್ಲವೆಂದು ನಮಗೂ ಗೊತ್ತಿತ್ತು. ಆದರೆ ಅಂಕೋಲೆಗೆ ಉಳಿದಿದ್ದುದು ಮೂವತ್ತಮೂರು ಕಿಲೊಮೀಟರು ಮಾತ್ರ! ಅಣ್ಣನು ಫೋನಿನಲ್ಲಿ, “ಒಂದು ಗಂಟೆಯ ದಾರಿ, ನಿಧಾನವಾಗಿ ಬಾ, ಅಡಿಗೆ ಮಾಡಿಸಿಟ್ಟಿದ್ದೇನೆ” ಎಂದನು. ಮರುದಿನವೇ ತಿಥಿ. ಹೋದ ವರ್ಷ ತಪ್ಪಿಸಿದ ನಾವು ಈ ವರ್ಷವೂ ಬಾಗಿಲಿನವರೆಗೆ ಬಂದು ಹೊರಗುಳಿದರೆ ಬಂಧುಗಳು ಏನೆಂದಾರು? ಹೊರಟುಬಿಡೋಣವೆಂದು ನಾವು ಯಂತ್ರವನ್ನು ಚಾಲನೆಮಾಡಿದೆವು.

ಹಿಂದಿನಿಂದ ಅತ್ತೆಯವರ ಧ್ವನಿ ಕೇಳಿಸಿತು: “ತಮ್ಮಾ, ನಿನ್ನ ಅಪ್ಪನ ತಿಥಿಗೆ ಹೋಗುವ ಆತುರದಲ್ಲಿ ನಮ್ಮೆಲ್ಲರ ತಿಥಿಯನ್ನು ಗೊತ್ತುಮಾಡಬೇಡ. ಅಂಬಿಗ ಬೇಡವೆಂದಮೇಲೆ ಮುಗಿಯಿತು.”

“ಇಲ್ಲಿ ಅಂಬಿಗ ಯಾರಿದ್ದಾರೆ, ಅತ್ತೆ? ಸೇತುವೆಯಿದೆ, ಡಾಮರು ರಸ್ತೆಯಿದೆ” ಎಂದೆವು ನಾವು, ಸ್ವಲ್ಪ ಖಾರವಾಗಿಯೇ.

“ಆಗಿನಿಂದ ಫೋನಿನಲ್ಲಿ ಕೆಂಪು ಬಣ್ಣ ತೋರಿಸುತ್ತಿದ್ದೀಯಲ್ಲ, ಅವನೇ.”

ನಮಗೆ ಸಿಟ್ಟು ಬಂದಿತೆಂಬುದನ್ನು ಮರೆಮಾಚುವುದಿಲ್ಲ. ನಮ್ಮ ಮನೆಯಾಕೆಯೂ ಅತ್ತೆಯ ಪಕ್ಷವನ್ನೇ ವಹಿಸಿದಳು. ಮಾತಿಲ್ಲದೆ ಕಾರನ್ನು ತಿರುಗಿಸಿ ಪೇಟೆಯಲ್ಲಿ ಒಂದು ವಸತಿಗೃಹವನ್ನು ಹಿಡಿದೆವು. ಕೆಳಗಡೆಯ ಖಾನಾವಳಿಯಲ್ಲಿ ಬಿಸಿ ಅನ್ನ, ಸಾರು, ಉಪ್ಪಿನಕಾಯಿ ಸಿಕ್ಕಿದವು. ನಮ್ಮಂತೆಯೇ ತಂಗಿದ್ದ ಲಾರಿ ಚಾಲಕರು ನಾಲ್ವರು ಪಕ್ಕದ ಮೇಜಿನಲ್ಲಿ ಊಟಮಾಡುತ್ತಿದ್ದರು. ನಮಗಿಂತ ನೂರು ಪಾಲು ಹೆಚ್ಚು ಆ ರಸ್ತೆಯನ್ನು ಬಲ್ಲವರು ಅವರು; ಸರಕನ್ನು ಹೊತ್ತುಹಾಕುವ ಗಡುವು ಅವರಿಗೂ ಇತ್ತು; ಆದರೂ ನಿಂತಿದ್ದರು. ಅದನ್ನು ನೋಡಿ ನಮ್ಮ ಸಿಟ್ಟು ಅರ್ಧ ಇಳಿಯಿತು. ರಾತ್ರಿ ಹತ್ತರ ಸುಮಾರಿಗೆ, ಮುಂದೆ ಒಂದು ತಿರುವಿನಲ್ಲಿ ಗುಡ್ಡದ ಮಣ್ಣು ರಸ್ತೆಗೆ ಜಾರಿದೆಯೆಂದೂ, ಯಾರಿಗೂ ಅಪಾಯವಾಗಿಲ್ಲವೆಂದೂ ಸುದ್ದಿ ಬಂದಿತು. ಉಳಿದರ್ಧವೂ ಇಳಿಯಿತು.

ನಾವು ಹೊರಟಿದ್ದರೆ ಏನಾಗುತ್ತಿತ್ತು? ಬಹುಶಃ ಏನೂ ಆಗುತ್ತಿರಲಿಲ್ಲ. ಮಣ್ಣು ಬೀಳುವ ಮೊದಲೇ ದಾಟಿ, ಅಣ್ಣನ ಮನೆಯಲ್ಲಿ ಊಟಮಾಡಿ, ಅತ್ತೆಯವರನ್ನು ಅಂಜುಬುರುಕಿಯೆಂದು ಹಾಸ್ಯಮಾಡುತ್ತಿದ್ದೆವು. ಆದರೆ ‘ಬಹುಶಃ’ ಎಂಬ ಒಂದು ಶಬ್ದದ ಮೇಲೆ ಹೆಂಡತಿ, ಮಗು, ಮುದುಕಿ ಮೂವರನ್ನೂ ಕುಳ್ಳಿರಿಸಿ ಕತ್ತಲೆಯಲ್ಲಿ ಹೊರಡುವುದಕ್ಕೆ ನಮಗೆ ಅಧಿಕಾರವೆಲ್ಲಿಯದು?

ಬೆಳಗ್ಗೆ ಮಳೆಯು ತುಸು ಬಿಡುವು ಕೊಟ್ಟಿತ್ತು. ರಸ್ತೆಯ ಒಂದು ಬದಿ ತೆರವಾಗಿದೆಯೆಂದು ಪೊಲೀಸರಿಂದ ತಿಳಿದುಕೊಂಡು ಆರು ಗಂಟೆಗೆ ಹೊರಟೆವು. ಅಘನಾಶಿನಿಯ ಬಯಲು ನೀರಿನಿಂದ ತುಂಬಿತ್ತು. ಈ ನದಿಯ ಮುಖದ ಗಜನಿ ಭೂಮಿಗಳಲ್ಲಿ ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗವೆಂಬ ಭತ್ತವನ್ನು ಬೆಳೆಯುತ್ತಾರೆ. ಮಿರ್ಜಾನದ ಕೋಟೆಯ ಕಡೆಗಿನ ಹಾದಿಯನ್ನು ಬಿಟ್ಟು, ಗೋಕರ್ಣದ ಕವಲನ್ನು ಕಳೆದು, ಗಂಗಾವಳಿಯ ಬಳಿಗೆ ಬಂದೆವು. ಇಲ್ಲಿ ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಗುಡ್ಡ. ಊರಿನ ಹೆಸರು ಶಿರೂರು. ನಿನ್ನೆ ಗಡಿಯಲ್ಲಿ ಕಂಡ ಶಿರೂರಲ್ಲ, ಅಂಕೋಲಾ ತಾಲೂಕಿನದು.

2024ರ ಜುಲೈ 16ರ ಬೆಳಗ್ಗೆ ಈ ಗುಡ್ಡವು ಕುಸಿದು ಹೆದ್ದಾರಿಯ ಮೇಲಿಂದ ನದಿಗೆ ಇಳಿಯಿತು. ದಾರಿಯ ಪಕ್ಕದಲ್ಲಿ ಚಹದ ಅಂಗಡಿಯನ್ನಿಟ್ಟುಕೊಂಡಿದ್ದ ಒಂದು ಸಂಸಾರ, ಅಲ್ಲಿ ದಣಿವಾರಿಸಿಕೊಳ್ಳಲು ವಾಹನ ನಿಲ್ಲಿಸಿದ್ದವರು ಮಣ್ಣಿನೊಡನೆ ಹೋದರು. ಮಣ್ಣು ನದಿಗೆ ಬಿದ್ದ ಹೊಡೆತಕ್ಕೆ ನೀರು ಎದ್ದು ಆಚೆಯ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಒಟ್ಟು 11 ಮಂದಿ ಬಲಿಯಾದರು. ಕೇರಳದ ಒಬ್ಬ ಲಾರಿ ಚಾಲಕನ ದೇಹವು ಲಾರಿಯ ಸಮೇತ ನದಿಯ ತಳದಿಂದ ಮೇಲೆ ಬಂದುದು ಸೆಪ್ಟೆಂಬರ್ 25ರಂದು, ಎಪ್ಪತ್ತು ದಿನಗಳಾದ ಮೇಲೆ. ಅಷ್ಟು ದಿನವೂ ಅವನ ಮನೆಯವರು ಕಾದಿದ್ದರು.

ಗುಡ್ಡಗಳು ಹೀಗೇಕೆ ಕುಸಿಯುತ್ತವೆ? ಕರಾವಳಿಯ ಅನೇಕ ಗುಡ್ಡಗಳಿಗೆ ಮೇಲೆ ಮುರಕಲ್ಲಿನ ಹೊದಿಕೆ. ಅದು ಗಟ್ಟಿಯಾಗಿ ಕಂಡರೂ ತುಂಬ ತೂತುಗಳುಳ್ಳದ್ದು. ಮಳೆಯ ನೀರು ಅದರ ಮೂಲಕ ಒಳಕ್ಕೆ ಇಳಿಯುವುದು. ಕೆಳಗಿರುವುದು ಮೆದುವಾದ ಶೇಡಿಮಣ್ಣು. ನೀರನ್ನು ಕುಡಿದು ಕುಡಿದು ಅದು ಬೆಣ್ಣೆಯಂತಾಗುತ್ತದೆ. ಗುಡ್ಡವು ತನ್ನ ಸಹಜವಾದ ಇಳಿಜಾರಿನಲ್ಲಿದ್ದಾಗ ಬುಡದ ಮಣ್ಣೇ ಮೇಲಿನ ಭಾರಕ್ಕೆ ಊರೆಗೋಲು. ರಸ್ತೆಯನ್ನು ಅಗಲಿಸುವುದಕ್ಕಾಗಿ ಆ ಬುಡವನ್ನು ಗೋಡೆಯಂತೆ ನೆಟ್ಟಗೆ ಕತ್ತರಿಸಿದಲ್ಲಿ ಊರೆಗೋಲನ್ನು ಕಸಿದಂತಾಗುವುದು. ಬೇಸಗೆಯಲ್ಲಿ ಅದು ನಿಂತಿರುತ್ತದೆ. ಆಷಾಢದ ಮಳೆ ಬಂದಾಗ ತನ್ನ ಭಾರವನ್ನು ತಾನೇ ಹೊರಲಾರದು. ಅಗಲವಾದ ರಸ್ತೆ ನಮಗೆ ಬೇಕು. ಅದು ಬೇಡವೆಂದು ಹೇಳುವ ಬಾಯಿ ನಮಗಿಲ್ಲ, ಅದರ ಮೇಲೆಯೇ ನಾವು ಬಂದವರು. ಆದರೆ ಕಡಿದ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ನೀರು ಹರಿದುಹೋಗುವುದಕ್ಕೆ ಕಾಲುವೆ ಮಾಡಿ, ಮೈಗೆ ಹಸುರನ್ನು ಹೊದಿಸುವ ಖರ್ಚನ್ನೂ ರಸ್ತೆಯ ಖರ್ಚಿನೊಳಗೇ ಸೇರಿಸತಕ್ಕದ್ದು. ಉಳಿಸಿದ ಹಣಕ್ಕಿಂತ ಹೋದ ಜೀವದ ಬೆಲೆ ಹೆಚ್ಚಲ್ಲವೇ?

ನಾವು ಅಲ್ಲಿ ನಿಲ್ಲಲಿಲ್ಲ. ನಿಲ್ಲತಕ್ಕ ಸ್ಥಳವೂ ಅದಲ್ಲ. ಕೆಂಪಾದ ಗುಡ್ಡದ ಗಾಯವು ಕಿಟಕಿಯ ಹೊರಗೆ ಹಾದುಹೋಗುವವರೆಗೆ ಯಾರೂ ಮಾತನಾಡಲಿಲ್ಲ. ಅತ್ತೆಯವರು ನಿನ್ನೆ ಹೊಳೆಗಳಿಗೆ ಮುಗಿದಂತೆಯೇ ಅಲ್ಲಿಯೂ ಕೈಮುಗಿದರು.

ಎಂಟು ಗಂಟೆಯೊಳಗೆ ಮನೆಯನ್ನು ಸೇರಿದೆವು. ಪುರೋಹಿತರು ಇನ್ನೂ ಬಂದಿರಲಿಲ್ಲ. ಅಣ್ಣನು ಅತ್ತೆಯವರ ಕಾಲಿಗೆ ನೀರು ಕೊಟ್ಟು, “ರಾತ್ರಿ ಬನ್ನಿರೆಂದು ನಾನು ಹೇಳಬಾರದಾಗಿತ್ತು” ಎಂದಷ್ಟೇ ಹೇಳಿದನು. ಶ್ರಾದ್ಧವು ಸಾಂಗವಾಗಿ ನಡೆಯಿತು. ತರ್ಪಣದ ಸಮಯದಲ್ಲಿ ತಂದೆ, ತಾತ, ಮುತ್ತಾತಂದಿರ ಹೆಸರುಗಳು ಮುಗಿದ ಮೇಲೆ, ಬಾಗಿಲ ಬಳಿ ಕುಳಿತಿದ್ದ ಅತ್ತೆಯವರು ಮೆಲ್ಲನೆ ಪುರೋಹಿತರನ್ನು ಕೇಳಿದರು: “ಆ ಗುಡ್ಡದಡಿಯಲ್ಲಿ ಹೋದವರಿಗೂ ಒಂದು ಬೊಗಸೆ ನೀರು ಬಿಡಬಹುದೇ? ಅವರ ಕುಲ, ಗೋತ್ರ ನಮಗೆ ತಿಳಿಯದು.” ಪುರೋಹಿತರು ಒಂದು ಕ್ಷಣ ಸುಮ್ಮನಿದ್ದು, “ನೀರಿಗೆ ಗೋತ್ರ ಏಕಮ್ಮ, ಬಿಡಿರಿ” ಎಂದರು. ಅಣ್ಣನು ಎಳ್ಳುನೀರನ್ನು ಬಿಟ್ಟನು. ಹೊರಗೆ ಮಾಡಿನಿಂದ ಮಳೆಯ ನೀರು ಧಾರೆಯಾಗಿ ಇಳಿಯುತ್ತಲೇ ಇತ್ತು.

ಮರುದಿನ ಬಿಸಿಲು ಹೊರಟುದರಿಂದ ಮಗಳನ್ನು ಕರೆದುಕೊಂಡು ಕಾರವಾರಕ್ಕೆ ಹೋಗಿಬಂದೆವು. ತಮ್ಮ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥ ಠಾಕೂರರು ಅಲ್ಲಿಗೆ ಬಂದಿದ್ದು, ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಅಲ್ಲಿಯೇ ಬರೆದರು. ಕಡಲ ತೀರಕ್ಕೆ ಈಗ ಅವರ ಹೆಸರಿದೆ. ಕಾಳಿ ನದಿಯ ಹಳೆಯ ಸೇತುವೆಯಿದ್ದ ಸ್ಥಳವನ್ನೂ ಕಂಡೆವು. ಶಿರೂರಿನ ದುರಂತವಾಗಿ ಮೂರು ವಾರವೂ ಪೂರ್ತಿ ಕಳೆದಿತ್ತೋ ಇಲ್ಲವೋ, 2024ರ ಆಗಸ್ಟ್ 7ರ ನಡುರಾತ್ರಿಯಲ್ಲಿ ಆ ನಾಲ್ಕು ದಶಕಗಳ ಸೇತುವೆಯು ಕುಸಿಯಿತು. ಅದರ ಮೇಲಿದ್ದ ಲಾರಿಯು ನೀರಿಗೆ ಬಿದ್ದರೂ ಚಾಲಕನನ್ನು ಬದುಕಿಸಿ ದಡಕ್ಕೆ ತಂದರೆಂಬುದೇ ಸಮಾಧಾನ.

ಮಳೆಗಾಲದಲ್ಲಿ ಕರಾವಳಿಗೆ ಬರಬೇಡಿರೆಂದು ನಾವು ಹೇಳುವುದಿಲ್ಲ. ಬರಬೇಕು, ಈ ಹಸುರನ್ನೂ ಈ ಕಡಲನ್ನೂ ಬೇರೆ ಕಾಲದಲ್ಲಿ ಕಾಣಲಾಗದು. ಆದರೆ ಕೆಲವು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ಹೊರಡುವ ಮೊದಲು ಚಕ್ರಗಳ ಹಲ್ಲು, ದೀಪ, ಗಾಜು ಒರಸುವ ಕಡ್ಡಿ ಇವನ್ನು ನೋಡಿಕೊಳ್ಳಿರಿ. ಹಗಲು ಪ್ರಯಾಣಮಾಡಿ, ಸಂಜೆಗೆ ಮೊದಲು ತಂಗಿರಿ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಕಾರನ್ನು ಇಳಿಸಬೇಡಿರಿ. ಒಂದಡಿಯ ನೀರೇ ಸಣ್ಣ ಕಾರನ್ನು ತೇಲಿಸಬಲ್ಲದು, ಎರಡಡಿಯದು ಹೆಚ್ಚಿನ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದು. ಕಡಿದ ಗುಡ್ಡದ ಕೆಳಗೆ ಚಹಕ್ಕೋ ಚಿತ್ರಕ್ಕೋ ನಿಲ್ಲಬೇಡಿರಿ. ಗುಡ್ಡದಿಂದ ಕೆಸರುನೀರು ಒಸರುವುದು, ಸಣ್ಣ ಕಲ್ಲುಗಳು ಉರುಳುವುದು, ಮರಗಳು ವಾಲಿರುವುದು ಕಂಡರೆ ಬೇಗನೆ ಅಲ್ಲಿಂದ ದೂರಸರಿಯಿರಿ. ಕುಡಿಯುವ ನೀರು, ಅವಲಕ್ಕಿ, ಬೆಲ್ಲ, ಹಿರಿಯರ ಔಷಧ, ಒಂದು ಕಂಬಳಿ ಇಷ್ಟು ಜತೆಯಲ್ಲಿದ್ದರೆ ದಾರಿಯಲ್ಲಿ ತಡವಾದರೂ ಚಿಂತೆಯಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ಬೇಡವೆನ್ನುವವರು ಒಬ್ಬರಾದರೂ ಕಾರಿನಲ್ಲಿರಲಿ, ಅವರ ಮಾತನ್ನು ಕೇಳುವ ತಾಳ್ಮೆ ಕಾರು ನಡೆಸುವವನಿಗಿರಲಿ. ಮರಳುವಾಗ ಮಗಳು ಪುನಃ ಹೊಳೆಗಳನ್ನು ಎಣಿಸುತ್ತಿದ್ದಳು. ಈ ಸಲ ಪ್ರತಿಯೊಂದರ ಹೆಸರನ್ನೂ ಅವಳೇ ಹೇಳಿದಳು. ಅತ್ತೆಯವರು ಕೈಮಾತ್ರ ಮುಗಿದರು.